ಹತ್ತನೇ ನೋಟು

ಮಂಗಳವಾರ ಬೆಳಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷಕ್ಕೆ ಹೆಂಗಸೊಬ್ಬರು ಠಾಣೆಯ ಮೆಟ್ಟಿಲು ಹತ್ತಿದರು. ಸಮಯ ಇಷ್ಟು ಕರಾರುವಾಕ್ಕಾಗಿ ಗೊತ್ತಿರುವುದಕ್ಕೆ ಕಾರಣ ಅಲ್ಲಿನ ಹೆಡ್ ಕಾನ್‌ಸ್ಟೇಬಲ್. ಯಾರಾದರೂ ಕೆಮ್ಮಿದರೂ ಎಷ್ಟು ಹೊತ್ತಿಗೆ ಕೆಮ್ಮಿದರೆಂದು ಬರೆದಿಡುವ ಆಸಾಮಿ ಆತ. ಠಾಣೆಯಲ್ಲಿ ಅವನ ನಿಜವಾದ ಹೆಸರು ಸಂಬಳದ ಪಟ್ಟಿಯಲ್ಲಿ ಮಾತ್ರ ಉಳಿದಿತ್ತು. ಉಳಿದಂತೆ ಎಲ್ಲರಿಗೂ ಅವನು ಗಡಿಯಾರ.

ಬಂದವರಿಗೆ ಐವತ್ತೆಂಟರ ಆಸುಪಾಸು. ಕೊರಳಲ್ಲಿ ಅಳತೆ ಟೇಪು ನೇತಾಡುತ್ತಿತ್ತು, ತೆಗೆದಿಡಲು ಮರೆತು ಹಾಗೇ ಬಂದಿದ್ದರು. ಕೈಯಲ್ಲಿದ್ದ ಲಕೋಟೆಯನ್ನು ಎದೆಗೆ ಅವುಚಿಕೊಂಡಿದ್ದರು.

ಇನ್‌ಸ್ಪೆಕ್ಟರ್ ಕುರ್ಚಿ ತೋರಿಸಿದರು. ಇಪ್ಪತ್ತಾರು ವರ್ಷ ಸರ್ವಿಸ್ ಮಾಡಿದ ಮನುಷ್ಯ. ಕಳ್ಳರ ಎದುರು ಗುಡುಗುವ ಗಂಟಲು ಅವರದು. ಆದರೆ ಒಂದು ಐಬಿತ್ತು. ಎದುರಿಗೆ ನಿಂತವರ ಮುಖ ನೋಡಿದರೆ ‘ಇಲ್ಲ’ ಅನ್ನಲು ನಾಲಗೆ ಏಳುತ್ತಿರಲಿಲ್ಲ. ಹೋದ ವಾರ ಮನೆ ಬಾಗಿಲಿಗೆ ಬಂದ ಮಾರಾಟಗಾರನಿಂದ ಒಂದಲ್ಲ, ಮೂರು ಕೊಡೆ ಕೊಂಡಿದ್ದರು. “ಮನೇಲಿರೋದು ಇಬ್ಬರು. ಮೂರನೇದು ಯಾರಿಗ್ರೀ, ಆ ಮಾರೋನಿಗಾ?” ಎಂದು ಹೆಂಡತಿ ಕೇಳಿದ್ದಕ್ಕೆ ಇನ್ನೂ ಉತ್ತರ ಸಿಕ್ಕಿರಲಿಲ್ಲ.

“ಹೇಳಿಯಮ್ಮಾ, ಏನಾಯ್ತು?”

“ನಾನು ಟೈಲರ್ ಸಾರ್. ನಿನ್ನೆ ದುಡ್ಡು ಬದಲಾಯಿಸೋ ಆಫೀಸಿಗೆ ಹೋಗಿ ಹೊರದೇಶದ ನೋಟು ತಗೊಂಡೆ. ಮೋಸ ಆಗಿದೆ.”

“ಎಣಿಕೇಲಿ ಕಡಿಮೆ ಬಂತಾ?”

“ಎಣಿಕೆ ಸರಿಯಾಗೇ ಇದೆ ಸಾರ್. ಬಟ್ಟೆ ಸರಿ ಇಲ್ಲ.”

ಗಡಿಯಾರ ಪೆನ್ನು ಎತ್ತಿ ಹಿಡಿದ. “ಬಟ್ಟೆ ಅಂತಲೇ ಬರೀಲಾ ಸಾರ್?”

ಆಕೆ ಬಿಡಿಸಿ ಹೇಳಿದರು. ಶುಕ್ರವಾರ ಮಧ್ಯಾಹ್ನ ಒಂದು ಗಂಟೆಗೆ ವಿಮಾನ. ತಂಗಿ ಇರುವುದು ಹೊರದೇಶದಲ್ಲಿ. ಇಪ್ಪತ್ತೆರಡು ವರ್ಷದಿಂದ ಬೇರೆಯವರ ಮನೆಯ ಮುದುಕರನ್ನು ನೋಡಿಕೊಳ್ಳುತ್ತಾ, ದುಡಿದದ್ದನ್ನು ಊರಿಗೆ ಕಳಿಸುತ್ತಾ, ತನ್ನ ಬದುಕಿನ ಕಡೆ ಕಣ್ಣೆತ್ತಿಯೂ ನೋಡದೆ ಕಾಲ ಹಾಕಿದವಳು. ಈಗ ಐವತ್ತೊಂದನೇ ವಯಸ್ಸಿನಲ್ಲಿ ಅವಳಿಗೆ ಮದುವೆ. ಗಂಡು ಅಲ್ಲಿಯ ಬೇಕರಿಯೊಂದರಲ್ಲಿ ಬ್ರೆಡ್ ಮಾಡುವವನು. ಮದುವೆ ಭಾನುವಾರ.

“ಉಡುಪು ನಾನೇ ಹೊಲಿದಿದ್ದೀನಿ. ತೋಳು ಮಾತ್ರ ಕೂರಿಸಿಲ್ಲ ಸಾರ್. ಫೋನಲ್ಲಿ ಹೇಳಿದ ಅಳತೆಗೆ ತೋಳು ಕೂರಲ್ಲ, ಮೈಮೇಲೆ ಹಾಕಿ ನೋಡ್ಬೇಕು. ನಾನು ಹೋಗ್ಲಿಲ್ಲ ಅಂದ್ರೆ ಅವಳು ತೋಳಿಲ್ಲದ ಬಟ್ಟೇಲಿ ನಿಲ್ತಾಳೆ.”

ಆ ದೇಶದೊಳಗೆ ಕಾಲಿಡಬೇಕಾದರೆ ಕೈಯಲ್ಲಿ ಅಲ್ಲಿಯ ದುಡ್ಡಿನಲ್ಲಿ ಎರಡು ಸಾವಿರ ಇದೆ ಎಂದು ತೋರಿಸಬೇಕು, ಇಲ್ಲವಾದರೆ ಬಂದ ದಾರಿಯಲ್ಲೇ ವಾಪಸ್. ಆಕೆ ತಮ್ಮ ಉಳಿತಾಯವನ್ನೆಲ್ಲ ಬಳಿದು ಐವತ್ತರ ನಲವತ್ತು ನೋಟು ಕೊಂಡಿದ್ದರು. ಆಫೀಸಿನ ಕಿಟಕಿಯಲ್ಲೇ ಕಟ್ಟು ಬಿಚ್ಚದೆ ತುದಿ ಹಿಡಿದು ಎಣಿಸಿದ್ದರು, ನಲವತ್ತಿತ್ತು. ಸಂಜೆ ಲಂಗದ ಒಳಗೆ ಜೇಬು ಹೊಲಿದು ಅದರಲ್ಲಿ ನೋಟು ತುಂಬಿಸಲು ಹೋದಾಗ ಬೆರಳು ತಡೆಯಿತು.

“ಇಪ್ಪತ್ನಾಲ್ಕು ನೋಟು ಜಾರ್ತಾವೆ, ಮಳೆಕೋಟಿನ ಬಟ್ಟೆ ಥರ. ಹದಿನಾರು ಮಾತ್ರ ಕಾಗದ. ಒಂದೇ ಥಾನಿನಲ್ಲಿ ಎರಡು ಬಟ್ಟೆ ಹೇಗೆ ಬರುತ್ತೆ? ಆ ಕಾಗದದ್ದರ ಫೋಟೋ ತೆಗೆದು ತಂಗಿಗೆ ಕಳಿಸಿದೆ. ‘ಅಕ್ಕಾ, ಇದು ಹಳೇ ನೋಟು. ಇಲ್ಲಿ ನಿಂತುಹೋಗಿ ಆರು ವರ್ಷ ಆಯ್ತು. ನಡೆಯಲ್ಲ’ ಅಂದ್ಲು.”

ಬೆಳಗ್ಗೆ ಬಾಗಿಲು ತೆರೆಯುವ ಹೊತ್ತಿಗೇ ಆ ಆಫೀಸಿಗೆ ಹೋಗಿದ್ದರು. ಮ್ಯಾನೇಜರ್ ಗೋಡೆಯ ಬೋರ್ಡು ತೋರಿಸಿ ಕಳಿಸಿದ್ದ: ಕಿಟಕಿ ಬಿಡುವ ಮುನ್ನ ಪರೀಕ್ಷಿಸಿಕೊಳ್ಳಿ, ನಂತರ ಸಂಸ್ಥೆ ಜವಾಬ್ದಾರಿಯಲ್ಲ. ಆಕೆಯೇ ಎಲ್ಲೋ ಬದಲಾಯಿಸಿ ತಂದಿರಬಹುದೆಂಬ ಅನುಮಾನವನ್ನೂ ಆಡಿಬಿಟ್ಟಿದ್ದನಂತೆ.

ಹನ್ನೊಂದು ಗಂಟೆ ಐದು ನಿಮಿಷಕ್ಕೆ ವಂಚನೆ ಮತ್ತು ನಂಬಿಕೆ ದ್ರೋಹದ ಎಫ್‌ಐಆರ್ ದಾಖಲಾಯಿತು. ಎದುರಿನ ಜೆರಾಕ್ಸ್ ಅಂಗಡಿಯವನನ್ನೂ ಬೀಗ ರಿಪೇರಿಯವನನ್ನೂ ಪಂಚರಾಗಿ ಕರೆಸಿ ನೋಟುಗಳ ಪಂಚನಾಮೆ ಶುರು ಮಾಡಿದರು.

“ನೋಟನ್ನ ಹಿಂದೆ ಮುಂದೆ ಮಾಡಿದ್ದೀರಾ?” ಇನ್‌ಸ್ಪೆಕ್ಟರ್ ಕೇಳಿದರು.

“ಇಲ್ಲ ಸಾರ್. ಒಂದೊಂದಾಗಿ ತೆಗೆದು, ತೆಗೆದ ಹಾಗೇ ಜೋಡಿಸಿದ್ದೀನಿ. ಬಟ್ಟೆ ಬಿಚ್ಚಿದ್ರೂ ಹಾಗೇ ಮಾಡೋದು ನಾನು. ಇಲ್ಲಾಂದ್ರೆ ಯಾವ ತುಂಡು ಎಲ್ಲಿಂದ ಬಂತು ಅಂತ ತಿಳಿಯಲ್ಲ.”

ಈ ಒಂದು ಅಭ್ಯಾಸ ತನಿಖೆಯ ಅರ್ಧ ಭಾರ ಇಳಿಸಿತು. ಹಳೇ ನೋಟುಗಳು ಕಟ್ಟಿನ ನಡುವೆ ಒಟ್ಟಾಗಿದ್ದವು, ಹನ್ನೆರಡನೆಯದರಿಂದ ಇಪ್ಪತ್ತೇಳನೆಯದರವರೆಗೆ. ನಂಬರುಗಳನ್ನು ಬರೆದುಕೊಳ್ಳುತ್ತಿದ್ದ ಗಡಿಯಾರ ಇನ್ನೂ ಒಂದನ್ನು ಗಮನಿಸಿದ. ಹತ್ತನೇ ನೋಟು ಮಗುಚಿತ್ತು. ಇಪ್ಪತ್ತನೆಯದೂ ಮಗುಚಿತ್ತು. ಮೂವತ್ತನೆಯದು, ನಲವತ್ತನೆಯದು, ಎಲ್ಲವೂ ಹಾಗೆಯೇ.

ಕಟ್ಟಿಗೆ ಸುತ್ತಿದ್ದ ಕಾಗದದ ಪಟ್ಟಿಯ ಒಳಮೈಯಲ್ಲಿ ಪೆನ್ಸಿಲಿನಿಂದ ಯಾವುದೋ ವಿಳಾಸ ಬರೆದಿತ್ತು. ಹೊರದೇಶದ ಬೀದಿಯ ಹೆಸರು, ಮನೆ ನಂಬರು. ಇಂಥ ವಿಳಾಸ ಇಲ್ಲೇಕೆ ಬಂತೆಂದು ಯಾರಿಗೂ ಹೊಳೆಯಲಿಲ್ಲ. ಆಕೆಯ ಫೋನಿನಿಂದಲೇ ತಂಗಿಗೆ ಕರೆ ಹಾಕಿಸಿದರು.

“ಅದು ಈ ದೇಶದ ದೊಡ್ಡ ಬ್ಯಾಂಕಿನ ವಿಳಾಸ ಸಾರ್,” ತಂಗಿ ಹೇಳಿದಳು. “ಹಳೇ ನೋಟನ್ನ ಅಲ್ಲಿ ಮಾತ್ರ ಬದಲಾಯಿಸಿ ಕೊಡ್ತಾರೆ. ಆದರೆ ನಾನಿರೋ ಊರಿಂದ ಅಲ್ಲಿಗೆ ರೈಲಲ್ಲಿ ಒಂದೂವರೆ ದಿನ.” ಆಮೇಲೆ ಕೇಳಿದಳು, “ಸಾರ್, ಅಕ್ಕ ಬರ್ತಾಳೆ ತಾನೇ?”

ಮುಖ ಕಾಣಿಸದಿದ್ದರೂ ಇನ್‌ಸ್ಪೆಕ್ಟರಿಗೆ ‘ಗೊತ್ತಿಲ್ಲ’ ಅನ್ನಲಾಗಲಿಲ್ಲ. “ಬರ್ತಾರಮ್ಮಾ,” ಅಂದುಬಿಟ್ಟರು. ಫೋನಿಟ್ಟ ಮೇಲೆ ಗಡಿಯಾರ ಅವರನ್ನೇ ನೋಡುತ್ತಿದ್ದ. ಮಾತು ಕೊಟ್ಟ ಸಮಯ ಹನ್ನೆರಡು ಹತ್ತು ಎಂದು ಅವನ ಮನಸ್ಸಿನಲ್ಲಿ ದಾಖಲಾಗಿತ್ತು.

ಕದ್ದವನು ನಷ್ಟ ತುಂಬಿಸಿಕೊಳ್ಳುವ ದಾರಿಯನ್ನೂ ಬರೆದಿಡುತ್ತಾನೆಯೇ? ಸಂಜೆಯವರೆಗೂ ಇನ್‌ಸ್ಪೆಕ್ಟರ್ ತಲೆ ಕೆಡಿಸಿಕೊಂಡರು. ಇಪ್ಪತ್ತಾರು ವರ್ಷದಲ್ಲಿ ಇಂಥ ಕಳ್ಳ ಅವರ ಕೈಗೆ ಸಿಕ್ಕಿರಲಿಲ್ಲ. ಜಪ್ತಿ ಮಾಡಿದ್ದು ಹದಿನಾರು ನೋಟು ಮತ್ತು ಆ ಪಟ್ಟಿ ಮಾತ್ರ. ಉಳಿದ ಇಪ್ಪತ್ತನಾಲ್ಕನ್ನು ರಸೀದಿ ಬರೆಸಿಕೊಂಡು ಟೈಲರಮ್ಮನಿಗೆ ಹಿಂತಿರುಗಿಸಿದರು.

ಬುಧವಾರ ಬೆಳಗ್ಗೆ ಒಂಬತ್ತು ಮುಕ್ಕಾಲಿಗೆ ಇನ್‌ಸ್ಪೆಕ್ಟರೂ ಗಡಿಯಾರನೂ ಆ ಆಫೀಸಿಗೆ ಹೋದರು. ಸಣ್ಣ ಜಾಗ. ಮುಂದೆ ಗಾಜಿನ ಕಿಟಕಿ, ಅದರಾಚೆ ಕೌಂಟರ್ ಹುಡುಗಿ. ಗೋಡೆಯ ಮೇಲೆ ಅಂದಂದಿನ ದರದ ಫಲಕ. ಹಿಂದೆ ಒಂದು ಒಳಕೋಣೆ, ಅದಕ್ಕೆ ಕಿಟಕಿಯೇ ಇಲ್ಲ.

“ನೋಟು ಎಣಿಸೋದು ಹೇಗೆ?” ಇನ್‌ಸ್ಪೆಕ್ಟರ್ ಮ್ಯಾನೇಜರನ್ನು ಕೇಳಿದರು.

“ಮಷೀನಲ್ಲಿ.”

“ಹಳೇದು ಹೊಸದು ಬೆರೆಸಿ ಹಾಕಿದ್ರೆ?”

“ನಿಂತುಬಿಡುತ್ತೆ, ಕೂಗ್ಕೊಳ್ಳುತ್ತೆ.”

“ಅಂದ್ರೆ ಈ ಕಟ್ಟು ಮಷೀನಿಗೆ ಹೋಗಿಲ್ಲ.”

“ಅದಕ್ಕೇ ಹೇಳಿದ್ದು, ಆಕೆಯೇ ಹೊರಗೆ...”

“ಅದನ್ನ ಆಮೇಲೆ ನೋಡೋಣ.” ಇನ್‌ಸ್ಪೆಕ್ಟರ್ ಕೌಂಟರ್ ಹುಡುಗಿಯ ಕಡೆ ತಿರುಗಿದರು. “ಏನಮ್ಮಾ, ಇಲ್ಲಿ ಹತ್ತನೇ ನೋಟು ಮಗುಚಿ ಹಾಕೋರು ಯಾರಾದ್ರೂ ಇದ್ದಾರಾ?”

“ಓ, ದೊಡ್ಡಪ್ಪ!” ಹುಡುಗಿ ನಕ್ಕಳು. “ಮಷೀನ್ ಬರೋಕೆ ಮುಂಚಿನಿಂದ ಇರೋರು. ಮಷೀನ್ ಎಣಿಸಿದ್ದನ್ನೂ ಮತ್ತೆ ಕೈಯಲ್ಲಿ ಎಣಿಸ್ತಾರೆ. ಹತ್ತಕ್ಕೊಂದು ಮಗುಚಿದ್ರೆ ಲೆಕ್ಕ ತಪ್ಪಲ್ವಂತೆ.”

ಆಮೇಲೆ ಅವಳಿಗೆ ಪ್ರಶ್ನೆ ಕೇಳಿದವರು ಯಾರೆಂಬುದು ಅರಿವಾಯಿತು. ನಗು ಅಲ್ಲೇ ನಿಂತಿತು. ಬಾಯಿಗೆ ಕೈ ಅಡ್ಡ ಹಿಡಿದುಕೊಂಡಳು.

“ಅವರು ಅಂಥೋರಲ್ಲ ಸಾರ್.”

ಇಡೀ ಆಫೀಸಿಗೆ ದೊಡ್ಡಪ್ಪ ಆಗಿದ್ದವರು ಹಿರಿಯ ಕ್ಯಾಷಿಯರ್. ಮೂವತ್ತೊಂದು ವರ್ಷದ ನೌಕರಿ, ನಿವೃತ್ತಿಗೆ ಎರಡು ತಿಂಗಳು ಬಾಕಿ. ಆ ದಿನ ಅವರು ರಜೆ ಹಾಕಿದ್ದರು. ಇನ್‌ಸ್ಪೆಕ್ಟರ್ ಆತುರಪಡಲಿಲ್ಲ. ನೋಟು ಕೊಂಡ ವಹಿ ತರಿಸಿಕೊಂಡು ಕೂತರು. ಆ ದೇಶದ ನೋಟನ್ನು ಹೊರಗಿನವರಿಂದ ಕೊಂಡದ್ದು ತಿಂಗಳಲ್ಲಿ ಮೂರೇ ಸಲ. ಅದರಲ್ಲಿ ಒಂದು ಹನ್ನೆರಡು ದಿನದ ಹಿಂದಿನದು: ಐವತ್ತರ ಹದಿನಾರು ನೋಟು, ಮಾರಿದವರು ಇಸ್ತ್ರಿ ಮಾಡುವ ಹೆಂಗಸು. ‘ಹೊಸ ಸರಣಿ’ ಎಂಬ ಕಾಲಂನಲ್ಲಿ ಟಿಕ್ ಹಾಕಿತ್ತು. ಕೈಬರಹ ಹಿರಿಯ ಕ್ಯಾಷಿಯರದ್ದು.

ವಹಿಯನ್ನು ಜಪ್ತಿ ಮಾಡಿ ಮಹಜರಿಗೆ ಸಹಿ ಹಾಕಿಸಿದಾಗ ಹನ್ನೆರಡೂವರೆ.

ಗುರುವಾರ ಬೆಳಗ್ಗೆ ಎಂಟು ಗಂಟೆಗೆ ಆ ಹೆಂಗಸಿನ ಇಸ್ತ್ರಿ ಅಂಗಡಿಯ ಬಾಗಿಲು ಆಗಷ್ಟೇ ತೆರೆದಿತ್ತು. ಗೋಡೆಗೆ ಹೊಸ ಸುಣ್ಣ, ಅದರ ವಾಸನೆ ಇನ್ನೂ ಹೋಗಿರಲಿಲ್ಲ. ಪೊಲೀಸರನ್ನು ಕಂಡು ಆಕೆ ಇಸ್ತ್ರಿ ಪೆಟ್ಟಿಗೆಯನ್ನು ಬದಿಗಿಟ್ಟರು.

“ನೀವು ಮಾರಿದ ನೋಟು ಎಲ್ಲಿಂದ ಬಂದಿದ್ದು?”

“ನಮ್ಮೆಜಮಾನ್ರದ್ದು ಸಾರ್. ಹಡಗಲ್ಲಿ ಅಡುಗೆ ಮಾಡ್ತಿದ್ರು. ಅಲ್ಲೇ ತೀರ್ಕೊಂಡ್ರು, ಒಂಬತ್ತು ವರ್ಷ ಆಯ್ತು. ಹಡಗಿನೋರು ಪೆಟ್ಟಿಗೇಲಿ ಅವರ ಒಂದು ಕೋಟು ಕಳಿಸಿದ್ರು.” ಆಕೆ ಮೇಜಿನ ಮೇಲಿನ ಬಟ್ಟೆಯನ್ನು ಸುಮ್ಮನೆ ನೀವಿದರು. “ಊರೋರ ಕೋಟೆಲ್ಲ ಇಸ್ತ್ರಿ ಮಾಡ್ದೆ ಸಾರ್. ಅವರ ಕೋಟು ಮುಟ್ಟೋಕೆ ಮನಸ್ಸು ಬರ್ಲಿಲ್ಲ. ಹೋದ ತಿಂಗಳು ಧೈರ್ಯ ಮಾಡ್ದೆ. ಇಸ್ತ್ರಿ ಪೆಟ್ಟಿಗೆ ಇಟ್ಟ ತಕ್ಷಣ ಒಳಗಿಂದ ಗರಗರ ಅಂತು. ಅಸ್ತರಿನೊಳಗೆ ನೋಟು ಇಟ್ಟು ಹೊಲ್ಕೊಂಡಿದ್ರು. ಕೊನೇ ಸಂಬಳ.”

“ಆಫೀಸಲ್ಲಿ ಏನಂದ್ರು?”

“ವಯಸ್ಸಾದೋರು ಒಬ್ಬರು ಇದ್ರು. ಎಲ್ಲಾ ಕೇಳ್ಕೊಂಡ್ರು. ನೋಟನ್ನ ತುಂಬಾ ಹೊತ್ತು ನೋಡ್ತಾ ಕೂತ್ರು. ಆಮೇಲೆ ಎದ್ದು ನೀರು ಕುಡಿದು ಬಂದ್ರು. ‘ನಡೆಯುತ್ತಾ ಸಾರ್?’ ಅಂತ ಕೇಳ್ದೆ. ‘ನಡೆಯುತ್ತೆ ತಾಯಿ’ ಅಂದ್ರು. ದುಡ್ಡು ಕೊಟ್ರು. ಇಷ್ಟು ವರ್ಷ ಬೀದೀಲಿ ತಳ್ಳುಗಾಡೀಲಿ ಇಸ್ತ್ರಿ ಮಾಡ್ತಿದ್ದೆ ಸಾರ್. ಈ ಜಾಗಕ್ಕೆ ಮುಂಗಡ ಕಟ್ಟಿದ್ದು ಅದರಿಂದಲೇ. ಸತ್ತ ಮೇಲೂ ನನ್ನನ್ನ ನೆರಳಲ್ಲಿ ಕೂರಿಸಿದ್ರು ಅಂತ ಅಂದ್ಕೋತೀನಿ.”

“ಆದರೆ ಆ ನೋಟು...” ಎಂದು ಗಡಿಯಾರ ಬಾಯಿ ತೆರೆದ. ಇನ್‌ಸ್ಪೆಕ್ಟರ್ ಅವನ ಬೂಟನ್ನು ಬಲವಾಗಿ ತುಳಿದರು.

“ಯಾಕೆ ಸಾರ್, ಏನಾದ್ರೂ ತೊಂದರೆನಾ?”

“ಏನಿಲ್ಲಮ್ಮಾ. ಆಫೀಸಿನ ವಹಿ ತಪಾಸಣೆ ಮಾಡ್ತಿದ್ದೀವಿ.”

ಹೇಳಿಕೆಯಲ್ಲಿ ಆಕೆ ಆಡಿದ್ದನ್ನಷ್ಟೇ ಬರೆದುಕೊಂಡರು. ಜೀಪಿನಲ್ಲಿ ಗಡಿಯಾರ ಬಹಳ ಹೊತ್ತು ಮುನಿಸಿಕೊಂಡಿದ್ದ, ಕಾಲು ನೋಯುತ್ತಿತ್ತು. ಕೊನೆಗೆ ಕೇಳಿದ, “ಕೋರ್ಟಲ್ಲಿ ಗೊತ್ತಾಗೇ ಆಗುತ್ತಲ್ವಾ ಸಾರ್?”

“ಆಗುತ್ತೆ. ಇವತ್ತು ನನ್ನ ಬಾಯಿಂದ ಬೇಡ,” ಎಂದರು ಇನ್‌ಸ್ಪೆಕ್ಟರ್.

ಹಿರಿಯ ಕ್ಯಾಷಿಯರನ್ನು ಹುಡುಕಿಕೊಂಡು ಹೋಗುವ ಪ್ರಸಂಗವೇ ಬರಲಿಲ್ಲ. ಮಧ್ಯಾಹ್ನ ಎರಡು ಗಂಟೆ ಐದು ನಿಮಿಷಕ್ಕೆ ಅವರೇ ಠಾಣೆಗೆ ಬಂದರು. ಕೌಂಟರ್ ಹುಡುಗಿ ಅತ್ತುಕೊಂಡು ಫೋನ್ ಮಾಡಿದ್ದಳಂತೆ. ಮೈಮೇಲೆ ಒಗೆದ ಅಂಗಿ, ಜೇಬಿನಲ್ಲಿ ಪೆನ್ಸಿಲ್. ಬೆರಳ ತುದಿಗಳು ನೋಟು ಎಣಿಸಿ ಎಣಿಸಿ ಸವೆದು ನುಣುಪಾಗಿದ್ದವು.

“ಈ ಕಟ್ಟು ಕಟ್ಟಿದ್ದು ಯಾರು?”

“ನಾನೇ ಸಾರ್.”

“ಯಾವಾಗ?”

“ಸೋಮವಾರ ಬೆಳಗ್ಗೆ.”

“ಹತ್ತನೇ ನೋಟು ಮಗುಚಿದ್ದು?”

“ಕೈಗೆ ಅಭ್ಯಾಸ. ತಪ್ಪು ಮಾಡೋವಾಗಲೂ ಅದು ತನ್ನ ಪಾಡಿಗೆ ಮಗುಚಿಬಿಟ್ಟಿದೆ.”

“ಹಳೇ ನೋಟು ಅಂತ ಕೊಳ್ಳೋವಾಗಲೇ ಗೊತ್ತಿತ್ತಾ?”

“ಮುಟ್ಟಿದ ಕೂಡಲೇ ಗೊತ್ತಾಯ್ತು. ‘ಇದು ನಡೆಯಲ್ಲಮ್ಮಾ’ ಅನ್ನೋ ಮಾತು ತುಟಿವರೆಗೂ ಬಂದಿತ್ತು. ಅಷ್ಟರಲ್ಲಿ ಆಕೆ ‘ಇದು ಅವರ ಕೊನೇ ಸಂಬಳ’ ಅಂದ್ರು. ಎದ್ದು ಹೋಗಿ ನೀರು ಕುಡಿದು ಬಂದೆ. ಆದ್ರೂ ಬಾಯಿ ಬರ್ಲಿಲ್ಲ.”

“ನಿಮ್ಮ ಕೈಯಿಂದ ತುಂಬಬಹುದಿತ್ತಲ್ಲ?”

“ಅಷ್ಟು ನನ್ನ ನಾಲ್ಕು ತಿಂಗಳ ಸಂಬಳ ಸಾರ್. ನಿವೃತ್ತಿ ಹಣ ಬಂದ ದಿನ ತುಂಬಿಬಿಡೋಣ, ಅಲ್ಲೀತನಕ ಕಪಾಟಿನ ತಳದಲ್ಲಿರಲಿ ಅಂದ್ಕೊಂಡೆ. ಸೋಮವಾರ ಮಧ್ಯಾಹ್ನ ತಪಾಸಣೆ ಅಂತ ಶನಿವಾರ ಸಂಜೆ ಹೇಳಿದ್ರು. ಸೋಮವಾರ ಬೆಳಗ್ಗೆ ಕೌಂಟರಿಂದ ಚೀಟಿ ಬಂತು: ಅದೇ ದೇಶ, ಎರಡು ಸಾವಿರ. ಇಲ್ಲಿ ಸತ್ತ ನೋಟಿಗೆ ಅಲ್ಲಿ ಜೀವ ಇದೆಯಲ್ಲ. ಅಲ್ಲಿನ ದೊಡ್ಡ ಬ್ಯಾಂಕಲ್ಲಿ ಕೊಟ್ರೆ ಹೊಸದು ಕೊಡ್ತಾರೆ. ಹೋಗೋರು ಬದಲಾಯಿಸ್ಕೊಳ್ಳಲಿ ಅಂತ ವಿಳಾಸ ಬರೆದೆ. ಯಾರಿಗೂ ನಷ್ಟ ಆಗಲ್ಲ ಅಂದ್ಕೊಂಡೆ.”

“ಅವರು ಹೋಗೋ ಊರಿಂದ ಆ ಬ್ಯಾಂಕಿಗೆ ಒಂದೂವರೆ ದಿನದ ರೈಲು ದಾರಿ. ಅದಿರಲಿ, ವಿಮಾನ ಇಳಿದಲ್ಲೇ ಎರಡು ಸಾವಿರ ತೋರಿಸದಿದ್ರೆ ಒಳಗೇ ಬಿಡಲ್ಲ.”

ಮೂವತ್ತೊಂದು ವರ್ಷ ಇಪ್ಪತ್ತು ದೇಶಗಳ ನೋಟಿನ ಮೇಲಿನ ಸೇತುವೆ, ಹಕ್ಕಿ, ಗೋಪುರಗಳನ್ನು ಎಣಿಸಿದ್ದ ಮುದುಕರು ಒಂದು ಸಲವೂ ವಿಮಾನ ಹತ್ತಿರಲಿಲ್ಲ. ಅಂಗೈ ಮುಂದೆ ಚಾಚಿ, ನೋಟಿನ ಉದ್ದವನ್ನು ಬೆರಳಿನಿಂದ ತೋರಿಸಿದರು.

“ನನಗೆ ಆ ದೇಶ ಇಷ್ಟೇ ಗೊತ್ತು ಸಾರ್.”

ಇನ್‌ಸ್ಪೆಕ್ಟರಿಗೆ ಬಯ್ಯಬೇಕೆನಿಸಿತು. ಬೈಗುಳ ಬರಲಿಲ್ಲ. “ಆ ಕಟ್ಟು ಹೋಗಿದ್ದು ಒಬ್ಬ ಟೈಲರಮ್ಮನಿಗೆ. ಜೀವಮಾನದ ಉಳಿತಾಯ. ಅವರ ಬಗ್ಗೆ ಯೋಚನೆ ಬರ್ಲಿಲ್ವಾ?”

“ಒಳಕೋಣೇಲಿ ಕೂತಿರೋನು ಸಾರ್ ನಾನು. ಚೀಟಿ ಬರುತ್ತೆ, ಮುಖ ಬರಲ್ಲ. ಇಸ್ತ್ರಿ ಮಾಡೋ ಆಯಮ್ಮ ಬಂದ ದಿನ ಕೌಂಟರ್ ಹುಡುಗಿ ರಜ ಇದ್ಲು. ಅವತ್ತು ಕಿಟಕೀಲಿ ನಾನಿದ್ದೆ.” ಆಮೇಲೆ ಕೈ ಮುಗಿದರು. “ಶಿಕ್ಷೆ ಏನು ಬೇಕಾದ್ರೂ ಕೊಡಿ. ಆಯಮ್ಮನಿಗೆ ಮಾತ್ರ ಆ ನೋಟು ನಡೀತಿರ್ಲಿಲ್ಲ ಅಂತ ಹೇಳ್ಬೇಡಿ.”

ಎರಡು ಮುಕ್ಕಾಲಿಗೆ ಇನ್‌ಸ್ಪೆಕ್ಟರ್ ಮ್ಯಾನೇಜರಿಗೆ ಫೋನ್ ಮಾಡಿದರು. ಫೋನಿನಲ್ಲಿ ಮ್ಯಾನೇಜರನ ಮುಖ ಕಾಣುತ್ತಿರಲಿಲ್ಲವಾದ್ದರಿಂದ ಗಂಟಲು ಚೆನ್ನಾಗಿಯೇ ಗುಡುಗಿತು. “ವಹಿ ನಿಮ್ಮದು, ನೌಕರ ನಿಮ್ಮೋರು, ಕಟ್ಟು ನಿಮ್ಮದು. ಐದು ಗಂಟೆಯೊಳಗೆ ಹದಿನಾರು ಹೊಸ ನೋಟು ಠಾಣೆಗೆ ಬರ್ಬೇಕು. ಬರ್ಲಿಲ್ಲ ಅಂದ್ರೆ ಆರೋಪಿಗಳ ಪಟ್ಟೀಲಿ ಇನ್ಯಾರನ್ನ ಸೇರಿಸೋದು ಅಂತ ನಾನು ಯೋಚಿಸ್ಬೇಕಾಗುತ್ತೆ.”

ನಾಲ್ಕು ಗಂಟೆ ಐವತ್ತಕ್ಕೆ ಕೌಂಟರ್ ಹುಡುಗಿ ಲಕೋಟೆ ಹಿಡಿದು ಓಡೋಡಿ ಬಂದಳು. ಅಷ್ಟರಲ್ಲಿ ಟೈಲರಮ್ಮ ತಮ್ಮ ಇಪ್ಪತ್ತನಾಲ್ಕು ನೋಟಿನೊಂದಿಗೆ ಬಂದು ಕೂತಿದ್ದರು. ಎದುರು ಬೆಂಚಿನಲ್ಲಿ ಮುದುಕರಿದ್ದರು. ಇನ್‌ಸ್ಪೆಕ್ಟರ್ ನಡೆದದ್ದನ್ನು ಮುಚ್ಚುಮರೆಯಿಲ್ಲದೆ ಹೇಳಿದರು. ಇಸ್ತ್ರಿ ಅಂಗಡಿಯ ವಿಷಯವನ್ನೂ ಕೋಟಿನ ವಿಷಯವನ್ನೂ ಹೇಳಿದರು.

ಟೈಲರಮ್ಮನಿಗೆ ಮೊದಲು ಬಂದದ್ದು ಸಿಟ್ಟು. “ಮೂರು ರಾತ್ರಿ ನಿದ್ದೆ ಮಾಡಿಲ್ಲ ನಾನು. ಅವಳಿಗೆ ಒಳ್ಳೇದು ಮಾಡೋಕೆ ನಾನೇ ಸಿಕ್ಕಿದ್ನಾ ನಿಮಗೆ?”

“ನೀವು ಅಂತ ಗೊತ್ತಿರ್ಲಿಲ್ಲ ತಾಯಿ.” ಮುದುಕರು ತಲೆ ಎತ್ತಲಿಲ್ಲ.

ಟೈಲರಮ್ಮ ಕೊರಳ ಟೇಪನ್ನು ಬೆರಳಿಗೆ ಸುತ್ತಿದರು, ಬಿಚ್ಚಿದರು. “ಅಸ್ತರಿನೊಳಗೆ ಹೊಲ್ಕೊಂಡಿದ್ರಾ?” ಎಂದು ಇನ್‌ಸ್ಪೆಕ್ಟರನ್ನು ಕೇಳಿದರು. “ನಾನೂ ಹಾಗೇ ಹೊಲಿದಿದ್ದೆ, ಲಂಗದೊಳಗೆ.”

ಆಮೇಲೆ ಎದ್ದು ಹೊಸ ಹದಿನಾರನ್ನು ತಮ್ಮ ಇಪ್ಪತ್ತನಾಲ್ಕಕ್ಕೆ ಸೇರಿಸಿ ಬೆಂಚಿನಲ್ಲಿದ್ದ ಮುದುಕರ ಮುಂದೆ ಚಾಚಿದರು.

“ಇನ್ನು ಬೇರೆ ಯಾರನ್ನೂ ನಂಬೋಕೆ ಧೈರ್ಯ ಇಲ್ಲ ನನಗೆ. ನೀವೇ ಒಂದು ಸಲ ನೋಡ್ಕೊಡಿ.”

ಗಡಿಯಾರ ಗಾಬರಿಯಾದ. “ಸಾರ್, ಆರೋಪಿ ಕೈಗೆ ದುಡ್ಡು ಕೊಡೋ ಹಾಗಿಲ್ಲ!”

ಇಲ್ಲ ಅನ್ನಬೇಕಾದದ್ದು ಇನ್‌ಸ್ಪೆಕ್ಟರ್ ಕೆಲಸ. ಅವರು ಟೈಲರಮ್ಮನ ಮುಖ ನೋಡಿದರು. ಮುದುಕರ ಮುಖ ನೋಡಿದರು. ಕಿಟಕಿಯ ಕಡೆ ತಿರುಗಿ ನಿಂತು, ಹೊರಗೆ ಯಾರೋ ಸೈಕಲ್ ನಿಲ್ಲಿಸುತ್ತಿದ್ದುದನ್ನು ಬಹಳ ಆಸಕ್ತಿಯಿಂದ ನೋಡತೊಡಗಿದರು.

ಮುದುಕರು ಅಂಗೈಯನ್ನು ಅಂಗಿಗೆ ಒರೆಸಿಕೊಂಡು ನೋಟು ತೆಗೆದುಕೊಂಡರು. ಪ್ರತಿ ನೋಟನ್ನೂ ಹೆಬ್ಬೆರಳಿನಿಂದ ತಡವಿ, ಬೆಳಕಿಗೆ ಹಿಡಿದು, ಮುಂದಕ್ಕೆ ಸರಿಸಿದರು. ಹತ್ತನೆಯದನ್ನು ಮಗುಚಿದರು. ಇಪ್ಪತ್ತನೆಯದನ್ನು ಮಗುಚಿದರು. ಮೂವತ್ತಾದ ಮೇಲೆ ಕಣ್ಣು ಮಂಜಾಗಿ ಸ್ವಲ್ಪ ನಿಂತರು. ಟೈಲರಮ್ಮ ಕಾದರು. ನಲವತ್ತನೆಯದನ್ನು ಮಗುಚಿ, ಕಟ್ಟನ್ನು ಎರಡೂ ಕೈಯಿಂದ ಕೊಡುವಾಗ ಮೊದಲ ಸಲ ಆಕೆಯ ಮುಖವನ್ನು ನೇರವಾಗಿ ನೋಡಿದರು.

“ನಲವತ್ತಿದೆ ತಾಯಿ. ಎಲ್ಲಾ ನಡೆಯುತ್ತೆ.”

“ತೋಳು ಕೂರಿಸಿದ ಮೇಲೆ ಫೋಟೋ ಕಳಿಸ್ತೀನಿ,” ಎಂದರು ಟೈಲರಮ್ಮ. ಯಾರಿಗೆ ಎಂದು ಹೇಳಲಿಲ್ಲ. ರಸೀದಿಗೆ ಸಹಿ ಮಾಡಿ ಹೊರಟರು.

ಐದು ಗಂಟೆ ಇಪ್ಪತ್ತೈದು ನಿಮಿಷಕ್ಕೆ ದಸ್ತಗಿರಿ ದಾಖಲಾಯಿತು. ಕೌಂಟರ್ ಹುಡುಗಿ ಹೊರಗಿನ ಮೆಟ್ಟಿಲ ಮೇಲೆ ಕೂತು, ನಾಳೆ ಜಾಮೀನಿಗೆ ಯಾರನ್ನು ಹಿಡಿಯಬೇಕೆಂದು ಎಲ್ಲರಿಗೂ ಫೋನ್ ಮಾಡುತ್ತಿದ್ದಳು. ಗಡಿಯಾರ ಕೇಸ್ ಡೈರಿ ತುಂಬಿಸುತ್ತಾ ಒಂದು ಕಡೆ ಪೆನ್ನು ನಿಲ್ಲಿಸಿದ.

“ಸಾರ್, ‘ಕೃತ್ಯಕ್ಕೆ ಕಾರಣ’ ಅಂತಿದೆ. ಏನು ಬರೀಲಿ? ದುಡ್ಡಿನ ಆಸೆ ಅನ್ನೋ ಹಾಗಿಲ್ಲ.”

ಇನ್‌ಸ್ಪೆಕ್ಟರ್ ಡೈರಿಯನ್ನು ತಮ್ಮ ಕಡೆ ಎಳೆದುಕೊಂಡು ತಾವೇ ಬರೆದರು: ‘ಆರೋಪಿಯು ಒಬ್ಬರ ಮುಖ ನೋಡಿ ಇಲ್ಲವೆನ್ನಲಾರದೆ, ತಾನು ಮುಖ ನೋಡದ ಇನ್ನೊಬ್ಬರ ಮೇಲೆ ನಷ್ಟವನ್ನು ಹೊರಿಸಿದ್ದು.’

ಗಡಿಯಾರ ಅದನ್ನು ಎರಡು ಸಲ ಓದಿಕೊಂಡ. ಸಮಯ ಹಾಕಲು ಕೈಗಡಿಯಾರ ನೋಡಿಕೊಂಡವನು ಯಾಕೋ ಹಾಗೇ ಬಿಟ್ಟು, ಮುದುಕರಿಗೆ ಒಂದು ಲೋಟ ನೀರು ತರಲು ಎದ್ದುಹೋದ.